ಒಣಗಿದ ಮೇಲೆ ನೋಡು

*ದಿನದ ಧಮ್ಮ ಚಿಂತನೆ*

ಕಳೆದ ಭಾನುವಾರದ ಅಧ್ಯಯನದಲ್ಲಿ ನಾವು ಪಂಸುಧೋವಕ ಸುತ್ತ ಓದಿದೆವು. ಮಣ್ಣು ತೊಳೆದು ಚಿನ್ನ ತೆಗೆಯುವವನ ಉಪಮೆ ಇರುವ ಸುತ್ತ ಅದು. ಓದುವಾಗ ನಾನು ಒಂದೆರಡು ಸಲ ನಕ್ಕೆ. ಯಾಕೆ ನಕ್ಕಿರಿ ಎಂದು ಕೆಲವರು ಕೇಳಿದರು. ನಮ್ಮ ಮನೆಯ ಹಿತ್ತಲಲ್ಲಿ ಆರು ತಿಂಗಳಿಂದ ಅದೇ ಕೆಲಸ ನಡೆದಿದೆ, ಅದಕ್ಕೇ ನಕ್ಕೆ ಎಂದೆ. ಹಾಗಾದರೆ ಬರೆದು ಕಳಿಸಿ ಎಂದರು. ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ತಾಳ್ಮೆಯಿಂದ ಓದಿರಿ.

*ಕಲ್ಲು ಮನೆಗೆ ಬಂದ ಬಗೆ*

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕಳೆದ ವರ್ಷ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಗಿಲಾವಿಗೆಂದು ಭೀಮಾ ನದಿಯ ಮರಳು ತಂದು ಜರಡಿ ಹಿಡಿಯುತ್ತಿದ್ದರು. ಜರಡಿಯಲ್ಲಿ ಉಳಿದ ಹರಳುಗಳನ್ನು ಒಂದು ಮೂಲೆಗೆ ಗುಡ್ಡೆ ಹಾಕಿದ್ದರು. ಒಂದು ದಿನ ಮಳೆ ಬಂದು ನಿಂತ ಮೇಲೆ ನೋಡಿದೆ. ಆ ಗುಡ್ಡೆಯಲ್ಲಿ ಕೆಂಪು, ಜೇನಿನ ಬಣ್ಣ, ಹಾಲಿನ ಬಿಳುಪು, ಗೆರೆಗೆರೆಯ ಹರಳುಗಳು ಮಿನುಗುತ್ತಿದ್ದವು. ಒಂದು ಮುಷ್ಟಿ ತಂದು ಕಿಟಕಿಯಲ್ಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಣಗಿ ಎಲ್ಲವೂ ಬೂದುಬಣ್ಣದ ಸಾಧಾರಣ ಕಲ್ಲುಗಳಾಗಿದ್ದವು.

ಆ ಹೊಳಪು ನಿಲ್ಲುವಂತೆ ಮಾಡಲು ಆಗುವುದಿಲ್ಲವೇ ಎಂದು ಹುಡುಕಿದೆ. ಕಲ್ಲು ಉರುಳಿಸುವ ಸಣ್ಣ ಯಂತ್ರ ಸಿಗುತ್ತದೆ ಎಂದು ತಿಳಿಯಿತು. ಎರಡು ರೋಲರ್, ಒಂದು ಮೋಟರ್, ಮೇಲೆ ರಬ್ಬರಿನ ಡಬ್ಬಿ, ಇಷ್ಟೇ. ಕಲ್ಲು, ನೀರು, ಪುಡಿ ಎಲ್ಲ ಸೇರಿ ಸುಮಾರು 1.3 ಕಿಲೋ ಹಿಡಿಯುತ್ತದೆ. ತರಿಸಿದೆ.

ನಮ್ಮ ಅವ್ವ ಅದನ್ನು ನೋಡಿ ಒಂದೇ ಮಾತು ಅಂದಳು: “ನಿಮ್ಮಪ್ಪಗ ಕಲ್ಲೇ ತಿಂತು. ಮತ್ಯಾಕ ಕಲ್ಲು ಮನಿಗೆ ತಂದಿ?”

ನನ್ನ ಬಳಿ ಉತ್ತರ ಇರಲಿಲ್ಲ. ಅಪ್ಪ ಇಪ್ಪತ್ತೆರಡು ವರ್ಷ ಕಲ್ಲಿನ ಕ್ರಷರಿನಲ್ಲಿ ದುಡಿದವರು. ಅವ್ವನೂ ಮದುವೆಯಾದ ಹೊಸದರಲ್ಲಿ ಅಲ್ಲೇ ಜಲ್ಲಿ ಒಡೆದವಳು. ಅಪ್ಪನಿಗೆ ನಲವತ್ತೈದಕ್ಕೆ ಕೆಮ್ಮು ಶುರುವಾಯಿತು. ಟಿಬಿ ಎಂದು ಎರಡು ಸಲ ಔಷಧಿ ಕೊಟ್ಟರು. ಏನು ಕೆಲಸ ಮಾಡುತ್ತೀ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಒಬ್ಬ ವೈದ್ಯರು ಎದೆಯ ಎಕ್ಸ್‌ರೇ ಹಿಡಿದು ನೋಡಿ, ಇದು ಕಲ್ಲಿನ ಧೂಳು ಎಂದರು. ಅಷ್ಟು ಹೊತ್ತಿಗೆ ಅಪ್ಪನಿಗೆ ಮನೆಯ ಎರಡು ಮೆಟ್ಟಿಲು ಹತ್ತಲಿಕ್ಕೂ ಆಗುತ್ತಿರಲಿಲ್ಲ.

ಆದ್ದರಿಂದ ಅವ್ವನ ಮಾತು ಹಗುರವಾದದ್ದಲ್ಲ. ಯಂತ್ರವನ್ನು ಒಂದು ತಿಂಗಳು ಡಬ್ಬದಲ್ಲೇ ಇಟ್ಟೆ. ಆ ತಿಂಗಳು ಧೂಳಿನ ವಿಷಯ ಪೂರ್ತಿ ಓದಿದೆ. ಉರುಳಿಸುವ ಕೆಲಸ ಮುಚ್ಚಿದ ಡಬ್ಬಿಯಲ್ಲಿ, ನೀರಿನೊಳಗೆ ನಡೆಯುತ್ತದೆ, ಧೂಳು ಗಾಳಿಗೆ ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವ್ವನ ಮುಂದೆ ಕೂತು ಹೇಳಿದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. “ನೀರು ಕಡಿಮಿ ಆಗಬಾರ್ದು ನೋಡು” ಎಂದಳು.

*ಈ ಹರಳುಗಳು ಯಾರು?*

ಭೀಮಾ ನದಿ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುತ್ತದೆ. ಕೋರೆಗಾಂವ್ ದಾಟಿ, ಪಂಢರಪುರ ದಾಟಿ ನಮ್ಮ ಕಡೆ ಬಂದು, ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ಅದು ಹರಿದು ಬರುವ ನೆಲದ ಬಹುಭಾಗ ಕರಿಕಲ್ಲಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಲಾವಾ ಆರಿ ಆದ ಕಲ್ಲು ಅದು. ಲಾವಾ ಆರುವಾಗ ಒಳಗೆ ಗಾಳಿಗುಳ್ಳೆಗಳು ಉಳಿದವು. ಆ ಪೊಳ್ಳಿನೊಳಗೆ ಸಿಲಿಕಾ ಕರಗಿದ ನೀರು ಇಳಿದು, ಪದರದ ಮೇಲೆ ಪದರ ಕೂತು ಗಟ್ಟಿಯಾಯಿತು. ಅದೇ ಅಗೇಟ್, ಹಿಂದಿ, ಉರ್ದುವಿನವರು ಅಕೀಕ್ ಅನ್ನುತ್ತಾರೆ. ಗೆರೆ ಇಲ್ಲದ ಕೆಂಪು ಜಾತಿಗೆ ಕಾರ್ನೀಲಿಯನ್ ಎನ್ನುತ್ತಾರೆ. ಸುತ್ತಲಿನ ಕರಿಕಲ್ಲು ಸವೆದು ಮಣ್ಣಾಗುತ್ತದೆ, ಗಟ್ಟಿಯಾದ ಈ ಹರಳು ಮಾತ್ರ ಉಳಿದು ನದಿಯ ಜೊತೆ ಉರುಳಿ ಬರುತ್ತದೆ.

ನಮ್ಮ ನೆಲದ ಜನ ಇದನ್ನು ಬಹಳ ಹಿಂದೆಯೇ ಬಲ್ಲರು. 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕ ಮಸ್ಕಿಯಲ್ಲಿ ಅಗೆದಾಗ ಅಗೇಟ್, ಕಾರ್ನೀಲಿಯನ್ ಮಣಿಗಳೂ ಸಿಕ್ಕಿವೆ. ಯಂತ್ರವಿಲ್ಲದ ಕಾಲದಲ್ಲಿ ಕೈಯಿಂದ ಉಜ್ಜಿ, ತೂತು ಕೊರೆದು ಮಣಿ ಮಾಡಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸನ್ನತಿ, ಕನಗನಹಳ್ಳಿ, ಮಸ್ಕಿಯಂಥ ರಕ್ಷಿತ ಜಾಗಗಳಿಂದ ಒಂದು ಚೂರು ಕಲ್ಲೂ ಎತ್ತಬೇಡಿ. ಅಲ್ಲಿನ ಒಂದೊಂದು ಚೂರೂ ನಮ್ಮ ಚರಿತ್ರೆಯ ಸಾಕ್ಷಿ. ನನಗೆ ಮರಳಿನ ಗುಡ್ಡೆಯೇ ಸಾಕಾಗಿದೆ.

*ಆರಿಸುವುದು: ಮೂರು ಪರೀಕ್ಷೆ*

ಮೊದಲ ಸಲ ನಾನು ಚೆಂದ ಕಂಡದ್ದನ್ನೆಲ್ಲ ಡಬ್ಬಿಗೆ ಹಾಕಿದೆ. ಅದರಲ್ಲಿ ಶಹಾಬಾದಿ ಫರಸಿಯ ಎರಡು ತುಂಡೂ ಇದ್ದವು. ಒಂದು ವಾರದ ಮೇಲೆ ತೆಗೆದರೆ ಫರಸಿ ತುಂಡು ಮಾಯವಾಗಿತ್ತು, ಡಬ್ಬಿ ತುಂಬ ಗಟ್ಟಿ ಕೆಸರು. ಆ ಕೆಸರಿನಲ್ಲಿ ಅಗೇಟುಗಳು ಉರುಳದೆ ಹಾಗೇ ಕೂತಿದ್ದವು. ಕಲ್ಲಿನ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಅಳತೆ ಇದೆ. ಅಗೇಟಿನದು 7ರ ಹತ್ತಿರ, ಸುಣ್ಣಕಲ್ಲಾದ ಫರಸಿಯದು ಸುಮಾರು 3. ಕನಗನಹಳ್ಳಿಯ ಸ್ತೂಪದ ಫಲಕಗಳಲ್ಲಿ ಅಷ್ಟು ನವಿರಾದ ಕೆತ್ತನೆ ಸಾಧ್ಯವಾದದ್ದು ಅದು ಸುಣ್ಣಕಲ್ಲಾದ್ದರಿಂದಲೇ. ಆ ಕಲ್ಲಿನ ಗುಣ ಬೇರೆ, ಕೆಲಸ ಬೇರೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದ್ದು ನನ್ನ ತಪ್ಪು.

ಈಗ ಹೀಗೆ ಆರಿಸುತ್ತೇನೆ:

1. ಚಾಕುವಿನ ತುದಿಯಿಂದ ಗೀರುವುದು. ಗೀರು ಬಿದ್ದರೆ ಮೆತ್ತಗಿನ ಕಲ್ಲು, ಬೇಡ. ಅಗೇಟಿನ ಮೇಲೆ ಚಾಕುವೇ ಸವೆದು ಬೂದು ಗೆರೆ ಬಿಡುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ.

2. ಸಂಶಯ ಬಂದರೆ ಒಂದು ಹನಿ ನಿಂಬೆರಸ ಇಲ್ಲವೇ ವಿನೆಗರ್. ನೊರೆ ಬಂದರೆ ಸುಣ್ಣಕಲ್ಲು. ಅಂಥದ್ದು ಡಬ್ಬಿಯೊಳಗೆ ಹೋಗಬಾರದು.

3. ಮೂರನೆಯದು ಅವ್ವ ಕಲಿಸಿದ್ದು. ನಾನು ಕಲ್ಲು ಆರಿಸುವುದನ್ನು ದೂರದಿಂದ ನೋಡುತ್ತ ಕೂತಿದ್ದವಳು ಒಂದು ದಿನ ಎದ್ದು ಬಂದು ಎರಡು ಹರಳು ಕೈಗೆತ್ತಿಕೊಂಡು ಒಂದಕ್ಕೊಂದು ಬಡಿದಳು. “ಕೇಳಿದಿ? ಇದು ಠಣ್ ಅಂತದ. ಇದು ಬದ್ದ ಅಂತದ. ಬದ್ದ ಅಂದದ್ದರಾಗ ಬಿರುಕು ಅದ, ಒಗಿ.” ಭೂತಗನ್ನಡಿ ಹಿಡಿದು ನೋಡಿದೆ. ಕೂದಲೆಳೆಯಷ್ಟು ಬಿರುಕಿತ್ತು. ಬಿರುಕಿದ್ದ ಕಲ್ಲು ನಡುವೆ ಒಡೆದರೆ ಅದರ ಚೂಪು ಅಂಚು ಉಳಿದ ಎಲ್ಲ ಕಲ್ಲಿಗೂ ಗೀರು ಹಾಕುತ್ತದೆ. ನಲವತ್ತು ವರ್ಷದ ಹಿಂದೆ ಬಿಟ್ಟ ಕೆಲಸದ ವಿದ್ಯೆ ಅವಳ ಕಿವಿಯಲ್ಲಿ ಹಾಗೇ ಇತ್ತು. ಅದನ್ನು ವಿದ್ಯೆ ಎಂದು ಆಗ ಯಾರೂ ಕರೆಯಲಿಲ್ಲ. ಕೂಲಿ ಎಂದರು.

*ನಾಲ್ಕು ಹಂತ*

ಡಬ್ಬಿಯ ಮೂರನೆಯ ಎರಡು ಭಾಗದಷ್ಟು ಕಲ್ಲು ಹಾಕಬೇಕು. ದೊಡ್ಡದು ಸಣ್ಣದು ಬೆರೆತಿರಬೇಕು. ಕಡಿಮೆ ಹಾಕಿದರೆ ಕಲ್ಲುಗಳು ಬಿದ್ದು ಬಡಿದು ಒಡೆಯುತ್ತವೆ. ತುಂಬ ಹಾಕಿದರೆ ಉರುಳುವುದೇ ಇಲ್ಲ. ನೀರು ಮೇಲಿನ ಕಲ್ಲುಗಳ ಬುಡ ಮುಟ್ಟುವಷ್ಟು. ಆಮೇಲೆ ಸಿಲಿಕಾನ್ ಕಾರ್ಬೈಡ್ ಪುಡಿ, ನನ್ನ ಡಬ್ಬಿಗೆ ನಾಲ್ಕು ದೊಡ್ಡ ಚಮಚ. ಪುಡಿಯ ನಂಬರು ಜರಡಿಯ ಲೆಕ್ಕ. ನಂಬರು ಹೆಚ್ಚಿದಷ್ಟೂ ಪುಡಿ ನುಣ್ಣಗೆ.

ಮೊದಲ ಹಂತ 60/90 ನಂಬರಿನ ಒರಟು ಪುಡಿ. ಇದು ಮೂಲೆಗಳನ್ನು, ಗುಳಿಗಳನ್ನು ಸವೆಸುತ್ತದೆ. ವಾರಕ್ಕೊಮ್ಮೆ ತೆಗೆದು ತೊಳೆದು, ಸಾಕಷ್ಟು ದುಂಡಾದದ್ದನ್ನು ಬದಿಗಿಟ್ಟು, ಉಳಿದದ್ದಕ್ಕೆ ಹೊಸ ಪುಡಿ ಹಾಕಿ ಮತ್ತೆ ಬಿಡುವುದು. ಕೆಲವು ಕಲ್ಲು ಒಂದು ವಾರಕ್ಕೆ ಮುಗಿದವು. ಕೆಲವಕ್ಕೆ ಐದು ವಾರ ಬೇಕಾಯಿತು. ಎರಡನೆಯದು 120/220, ಒಂದು ವಾರ. ಮೂರನೆಯದು 500, ಮತ್ತೊಂದು ವಾರ. ನಾಲ್ಕನೆಯದು ಅಲ್ಯುಮಿನಿಯಂ ಆಕ್ಸೈಡಿನ ಹಿಟ್ಟಿನಂಥ ಪುಡಿ, ಅದೂ ಒಂದು ವಾರ. ಯಂತ್ರ ಹಗಲು ರಾತ್ರಿ ತಿರುಗುತ್ತಲೇ ಇರಬೇಕು. ಕರೆಂಟು ಹೋದರೆ ನಿಲ್ಲುತ್ತದೆ, ಬಂದ ಮೇಲೆ ಮತ್ತೆ ಶುರು. ನಿಂತ ತಾಸುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ಕೊನೆಗೆ ಸೇರಿಸುತ್ತೇನೆ.

ತೊಳೆದ ಕೆಸರನ್ನು ಮೋರಿಗೆ, ಸಿಂಕಿಗೆ ಸುರಿಯಬಾರದು. ಪೈಪಿನೊಳಗೆ ಸಿಮೆಂಟಿನಂತೆ ಕೂತುಬಿಡುತ್ತದೆ. ಹಿತ್ತಲಲ್ಲಿ ಒಂದು ಗುಂಡಿ ತೋಡಿ ಸುರಿದು, ಹಸಿ ಇರುವಾಗಲೇ ಮಣ್ಣು ಮುಚ್ಚುತ್ತೇನೆ.

*ಒಂದು ಕಾಳು ಪುಡಿ*

ಎರಡನೆಯ ಸಲ ಕಲ್ಲು ಸರಿಯಾಗಿ ಆರಿಸಿದ್ದೆ. ಮೂರು ಹಂತ ಚೆನ್ನಾಗಿ ನಡೆಯಿತು. ನಾಲ್ಕನೆಯ ಹಂತ ಮುಗಿಸಿ ತೆಗೆದರೆ ಎಲ್ಲ ಕಲ್ಲಿನ ಮೇಲೂ ಸಣ್ಣ ಸಣ್ಣ ಗೀರು. ಎಷ್ಟು ಯೋಚಿಸಿದರೂ ಕಾರಣ ಹೊಳೆಯಲಿಲ್ಲ. ಕೊನೆಗೆ ಮುಚ್ಚಳದ ಅಂಚನ್ನು ಬಿಡಿಸಿ ನೋಡಿದೆ. ರಬ್ಬರಿನ ಸಂದಿಯಲ್ಲಿ ಮೊದಲ ಹಂತದ ಒರಟು ಪುಡಿ ಚಿಟಿಕೆಯಷ್ಟು ಕೂತಿತ್ತು. ಡಬ್ಬಿಯ ಒಳಗನ್ನು ತಿಕ್ಕಿ ತಿಕ್ಕಿ ತೊಳೆದಿದ್ದೆ. ಮುಚ್ಚಳವನ್ನು ಬರೀ ನೀರಲ್ಲಿ ಅದ್ದಿ ತೆಗೆದಿದ್ದೆ. ಆರು ವಾರದ ಕೆಲಸವನ್ನು ಆ ಚಿಟಿಕೆ ಪುಡಿ ಕೆಡಿಸಿತ್ತು.

ಬೇರೆ ದಾರಿ ಇರಲಿಲ್ಲ. ಎರಡನೆಯ ಹಂತಕ್ಕೆ ವಾಪಸ್ ಹೋದೆ. ಈಗ ಪ್ರತಿ ಹಂತದ ನಡುವೆ ಕಲ್ಲು, ಡಬ್ಬಿ, ಮುಚ್ಚಳ ಮೂರನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತೇನೆ. ಕಲ್ಲಿನ ಒಂದೊಂದು ಗುಳಿಯನ್ನೂ ನೋಡುತ್ತೇನೆ. ಗುಳಿ ಆಳವಿದ್ದು ಪುಡಿ ಹಿಡಿದಿಟ್ಟುಕೊಳ್ಳುವಂತಿದ್ದರೆ ಆ ಕಲ್ಲನ್ನು ಮುಂದಿನ ಹಂತಕ್ಕೆ ಬಿಡುವುದಿಲ್ಲ.

ಇನ್ನೊಂದು ಪಾಠ. ಡಬ್ಬಿಯಿಂದ ತೆಗೆದ ಕೂಡಲೇ ಎಲ್ಲ ಕಲ್ಲೂ ಹೊಳೆಯುತ್ತವೆ. ಒಂದನೆಯ ಹಂತದ ಕಲ್ಲೂ ಹೊಳೆಯುತ್ತದೆ. ಅದು ನೀರಿನ ಹೊಳಪು. ಬಟ್ಟೆಯಿಂದ ಒರೆಸಿ, ಅರ್ಧ ತಾಸು ನೆರಳಲ್ಲಿಟ್ಟು, ಒಣಗಿದ ಮೇಲೆ ನೋಡಬೇಕು. ಆಗ ಉಳಿದದ್ದು ಕಲ್ಲಿನ ಹೊಳಪು. ಮೊದಲ ಮೂರು ತಿಂಗಳು ನಾನು ಹಸಿ ಕಲ್ಲಿನ ಫೋಟೋ ತೆಗೆದು ಮಗಳಿಗೆ ಕಳಿಸಿ ಹಿಗ್ಗುತ್ತಿದ್ದೆ!

*ಸುತ್ತ ಹೇಳುವುದು*

ಈಗ ಪಂಸುಧೋವಕ ಸುತ್ತಕ್ಕೆ ಬರೋಣ. ಅಂಗುತ್ತರ ನಿಕಾಯದ ತಿಕನಿಪಾತದಲ್ಲಿದೆ. ಮಣ್ಣು ತೊಳೆಯುವವನು ಮೊದಲು ದಪ್ಪ ಕಸ ತೆಗೆಯುತ್ತಾನೆ, ಆಮೇಲೆ ಮಧ್ಯಮ, ಆಮೇಲೆ ಸೂಕ್ಷ್ಮ. ಭಗವಾನರು ಅದನ್ನು ಮನಸ್ಸಿಗೆ ಹೋಲಿಸುತ್ತಾರೆ. ಮೈ, ಮಾತು, ಮನಸ್ಸಿನ ಕೆಟ್ಟ ನಡತೆ ದಪ್ಪ ಕಸ. ಕಾಮ, ದ್ವೇಷ, ಹಿಂಸೆಯ ಯೋಚನೆ ಮಧ್ಯಮ ಕಸ. ಸೂಕ್ಷ್ಮ ಕಸ ಯಾವುದು? ತನ್ನ ಬಂಧುಬಳಗ, ತನ್ನ ಸೀಮೆ, ಜನ ತನ್ನನ್ನು ಕೀಳಾಗಿ ಕಾಣಬಾರದು ಎಂಬ ಯೋಚನೆ. ಬಂಧುಬಳಗ ಎಂದಿರುವಲ್ಲಿ ಕೆಲವು ಪಾಠಗಳಲ್ಲಿ ‘ಜಾತಿ’ ಎಂದೇ ಇದೆ.

ಈ ಸಾಲಿನ ಹತ್ತಿರ ಬಂದಾಗ ನನ್ನ ನಗು ನಿಂತಿತು. ಯಾಕೆಂದು ಹೇಳಿಬಿಡುತ್ತೇನೆ.

ದೀಕ್ಷೆ ತೆಗೆದುಕೊಂಡು ನನಗೆ ಹತ್ತೊಂಬತ್ತು ವರ್ಷವಾಯಿತು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳು ನನಗೆ ಬಾಯಿಪಾಠ. ಸಮಾನತೆಯ ಪ್ರತಿಜ್ಞೆಯನ್ನು ಎಷ್ಟೋ ಜನರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಎರಡು ತಿಂಗಳ ಹಿಂದೆ ಬೆಂಗಳೂರಿನಿಂದ ಮಗಳು ಫೋನ್ ಮಾಡಿ, ಜೊತೆಗೆ ಕೆಲಸ ಮಾಡುವ ಹುಡುಗನೊಬ್ಬನನ್ನು ಮದುವೆಯಾಗಬೇಕೆಂದಿದ್ದೇನೆ ಎಂದಳು. ಅವರದೂ ಬಾಬಾಸಾಹೇಬರನ್ನು ನಂಬುವ ಮನೆ ಎಂದಳು. ನನಗೆ ಬಹಳ ಸಂತೋಷವಾಯಿತು. ಆ ಸಂತೋಷದಲ್ಲೇ ಬಾಯಿಂದ ಬಂತು: “ಯಾವ ಕಡೆಯವರು?”

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಕೇಳಿದಳು: “ಅಪ್ಪಾ, ನೀವು ಊರು ಕೇಳಿದ್ರೋ, ಇಲ್ಲಾ ಬಲಗೈ ಎಡಗೈ ಕೇಳಿದ್ರೋ?”

ಊರು ಎಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಸುಮ್ಮನಾದೆ. ಅವಳೂ ಫೋನ್ ಇಟ್ಟಳು.

ಬಂಧುಗಳೇ, ನನ್ನ ಡಬ್ಬಿಯ ಒಳಗೆಲ್ಲ ತೊಳೆದಿತ್ತು. ದೇವರ ಫೋಟೋ ತೆಗೆದಿದ್ದೆ, ಹಬ್ಬ ಬಿಟ್ಟಿದ್ದೆ, ಮನೆಯ ಬಾಗಿಲಿಗೆ ಧಮ್ಮಚಕ್ರ ಹಾಕಿಸಿದ್ದೆ. ಮುಚ್ಚಳದ ಸಂದಿಯನ್ನು ನೋಡಿರಲಿಲ್ಲ. ಅಕ್ಟೋಬರ್ 14, ಏಪ್ರಿಲ್ 14, ಬುದ್ಧ ಪೂರ್ಣಿಮೆ, ಈ ದಿನಗಳಲ್ಲಿ ನಾವೆಲ್ಲ ನೀರಿನಿಂದ ತೆಗೆದ ಕಲ್ಲಿನಂತೆ ಹೊಳೆಯುತ್ತೇವೆ. ಮದುವೆಯ ಮಾತು ಬಂದ ದಿನ, ಮನೆ ಬಾಡಿಗೆಗೆ ಕೊಡುವ ದಿನ, ಮೀಸಲಾತಿಯ ಒಳಜಗಳದ ದಿನ, ಅವು ಒಣಗಿದ ದಿನಗಳು. ನಮ್ಮ ಹೊಳಪು ಎಷ್ಟೆಂದು ಆಗ ತಿಳಿಯುತ್ತದೆ.

ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿದೆ. “ನಾ ಕೇಳಿದ್ದು ಎರಡನೆಯದೇ ಇತ್ತವ್ವ. ತಪ್ಪಾಯ್ತು. ಹುಡುಗನ್ನ ಕರ್ಕೊಂಡು ಬಾ” ಎಂದೆ. ಬರುವ ತಿಂಗಳು ಬರುತ್ತೇವೆ ಎಂದಿದ್ದಾಳೆ. ದನಿಯಲ್ಲಿ ಇನ್ನೂ ಸ್ವಲ್ಪ ಬಿಗುವು ಇತ್ತು. ಇರಲಿ. ಗೀರು ಬಿದ್ದ ಕಲ್ಲು ಎರಡನೆಯ ಹಂತಕ್ಕೆ ಹೋಗಲೇಬೇಕು.

*ಧೂಳಿನ ಎಚ್ಚರಿಕೆ*

ಈ ಭಾಗವನ್ನು ದಯವಿಟ್ಟು ಬಿಡದೆ ಓದಿ, ಗೊತ್ತಿದ್ದವರಿಗೆ ಕಳಿಸಿ. ನಮ್ಮ ಜನ ಇಂದಿಗೂ ಕ್ರಷರ್, ಗ್ರಾನೈಟ್ ಕಟಿಂಗ್, ಕಲ್ಲುಗಣಿಗಳಲ್ಲಿ ದುಡಿಯುತ್ತಿದ್ದಾರೆ. ಗುಜರಾತಿನ ಖಂಭಾತಿನಲ್ಲಿ ಇದೇ ಅಗೇಟನ್ನು ಒಣ ಸಾಣೆ ಹಿಡಿದು ಮಣಿ ಮಾಡುವವರು ಇದೇ ಕಾಯಿಲೆಯಿಂದ ನರಳಿದ್ದಾರೆ. ಕಾಯಿಲೆಯ ಹೆಸರು ಸಿಲಿಕೋಸಿಸ್. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಧೂಳು ಪುಪ್ಪುಸದ ಆಳಕ್ಕೆ ಹೋಗಿ, ಅಲ್ಲಿ ಗಾಯ ಮಾಡಿ ಗಟ್ಟಿಯಾಗಿಸುತ್ತದೆ. ಬಂದ ಮೇಲೆ ಗುಣಪಡಿಸುವ ಔಷಧಿ ಇಲ್ಲ. ತಡೆಯುವುದು ಸಾಧ್ಯ.

ಕಲ್ಲು ಕತ್ತರಿಸುವಾಗ, ಕೊರೆಯುವಾಗ ನೀರು ಹರಿಯುತ್ತಿರಬೇಕು. ಬಾಯಿಗೆ ಟವೆಲ್ ಕಟ್ಟಿದರೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಧೂಳನ್ನು ಒಣ ಕಸಬರಿಗೆಯಿಂದ ಗುಡಿಸಬಾರದು, ಒದ್ದೆ ಮಾಡಿ ಒರೆಸಬೇಕು. ಧೂಳಿನ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು. ಕೆಮ್ಮು ಬಿಡದಿದ್ದರೆ, ವೈದ್ಯರು ಕೇಳದಿದ್ದರೂ ನೀವೇ ಹೇಳಿ: ನಾನು ಇಷ್ಟು ವರ್ಷ ಕಲ್ಲಿನ ಧೂಳಿನಲ್ಲಿ ದುಡಿದಿದ್ದೇನೆ, ಎದೆಯ ಎಕ್ಸ್‌ರೇ ಬೇಕು. ಸಿಲಿಕೋಸಿಸ್ ಇದ್ದವರಿಗೆ ಟಿಬಿಯೂ ಸುಲಭವಾಗಿ ಅಂಟುತ್ತದೆ, ಆದ್ದರಿಂದ ಎರಡನ್ನೂ ನೋಡಬೇಕು. 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಸಿಲಿಕೋಸಿಸ್ ಇತ್ತು. ಅಂದರೆ ಅದು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಸುಬಿನ ರೋಗ. ನಮ್ಮ ಅಪ್ಪನಿಗೆ ಇದನ್ನು ಹೇಳುವವರು ಇರಲಿಲ್ಲ. ನೀವು ಒಬ್ಬರಿಗೆ ಹೇಳಿದರೂ ಈ ಬರಹ ಸಾರ್ಥಕ.

*ಮೂರನೆಯ ಸಲ*

ಮೂರನೆಯ ಸಲದ ಕಲ್ಲು ಹೋದ ಬುಧವಾರ ತೆಗೆದೆ. ಶುರುವಿನಲ್ಲಿ 900 ಗ್ರಾಂ ಇತ್ತು, ಈಗ 640. ಹೋದ 260 ಗ್ರಾಮೂ ಹೋಗಬೇಕಾದದ್ದೇ. ತೊಳೆದು, ಒರೆಸಿ, ತಟ್ಟೆಯಲ್ಲಿ ಹರಡಿ ಕಟ್ಟೆಯ ಮೇಲಿಟ್ಟೆ. ಅವ್ವ ಬಂದು ಕೂತಳು. ಆರು ತಿಂಗಳಲ್ಲಿ ಒಮ್ಮೆಯೂ ಉರುಳಿಸಿದ ಕಲ್ಲನ್ನು ಮುಟ್ಟಿರಲಿಲ್ಲ. ಅವಳ ಕಣ್ಣು ಈಗ ಮಂಜು. ಒಂದೊಂದನ್ನೇ ಎತ್ತಿ, ಸೀರೆಯ ಸೆರಗಿನಿಂದ ಇನ್ನೊಮ್ಮೆ ಒರೆಸಿ, ಹೆಬ್ಬೆರಳು ಆಡಿಸುತ್ತ ಹೋದಳು. “ಇದು ಆತು. ಇದೂ ಆತು. ಇದು ಇನ್ನಾ ಆಗಿಲ್ಲ, ಗೀರು ಅದ.” ನನ್ನ ಕಣ್ಣಿಗೆ ಕಾಣದ ಗೀರು ಅವಳ ಬೆರಳಿಗೆ ಸಿಕ್ಕಿತು. ಮೂವತ್ತೊಂದು ಕಲ್ಲಿನಲ್ಲಿ ಇಪ್ಪತ್ತನಾಲ್ಕು ಆದವು, ಏಳು ಆಗಲಿಲ್ಲ.

ಒಂದು ಕೆಂಪು ಹರಳನ್ನು ಮಾತ್ರ ತಟ್ಟೆಗೆ ವಾಪಸ್ ಹಾಕಲಿಲ್ಲ. ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. “ಹುಡುಗಿ ಬಂದಾಗ ಕೊಡ್ತೀನಿ” ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮಪ್ಪ ಇಷ್ಟೊಂದು ಕಲ್ಲು ಒಡದ. ಒಂದನ್ನರೆ ಹಿಂಗ ಕೈಯಾಗ ಹಿಡದು ನೋಡಾಕ ಪುರಸೊತ್ತು ಸಿಗಲಿಲ್ಲ ಅವಗ” ಎಂದಳು.

ಏಳು ಕಲ್ಲುಗಳನ್ನು ಮತ್ತೆ ಡಬ್ಬಿಗೆ ಹಾಕಿದ್ದೇನೆ. ಯಂತ್ರ ತಿರುಗುತ್ತಿದೆ.

*ಇಂದಿನ ಅಭ್ಯಾಸ*

1. ನನ್ನಲ್ಲಿ ದಪ್ಪ ಕಸ ಯಾವುದು ಹೋಗಿದೆ? ಸೂಕ್ಷ್ಮ ಕಸ ಯಾವ ಸಂದಿಯಲ್ಲಿ ಉಳಿದಿದೆ?

2. ಕಳೆದ ವಾರದಲ್ಲಿ ನನ್ನ ‘ಒಣಗಿದ ದಿನ’ ಯಾವುದು? ಅಂದು ನಾನು ಹೇಗೆ ನಡೆದುಕೊಂಡೆ?

3. ನಮ್ಮ ಮನೆಯ ಹಿರಿಯರ ಕೈಯಲ್ಲಿ ‘ಕೂಲಿ’ ಎಂದು ಕರೆಸಿಕೊಂಡ ಯಾವ ವಿದ್ಯೆ ಇದೆ? ಈ ವಾರ ಅವರ ಹತ್ತಿರ ಕೂತು ಕೇಳಿ, ಭಾನುವಾರ ಬಂದು ಹೇಳಿ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.